ಎಂಟು ಗ್ರಾಂ ಎಲ್ಲಿ ಹೋತು?

ಹೋದ ಶ್ರಾವಣದಾಗ ನಮ್ಮ ಅವ್ವನ ಪಾಟ್ಲಿ ಜೋಡು ತೂಕ ಮಾಡಿಸಿದ್ವಿ. ಅವ್ವ ತೀರಿಹೋಗಿ ವರ್ಷ ತುಂಬಿತ್ತು, ನಾವು ಅಕ್ಕ-ತಂಗಿ ಹಂಚಿಕೋಬೇಕಾಗಿತ್ತು. ಸರಾಫನ ತಕ್ಕಡಿ 58 ಗ್ರಾಂ ತೋರಿಸ್ತು. ಜೋಡಿಗೆ ಅಂತ ಬಂದಿದ್ದ ನಮ್ಮ ಕಾಕು ಅದನ್ನ ನೋಡಿ ಸುಮ್ಮನಾದ್ರು. ಮನಿಗೆ ಬಂದು ಚಹಾ ಕುಡಿಯೋ ಹೊತ್ತಿಗೆ ಬಾಯಿ ಬಿಟ್ರು: "ಇಬ್ಬರು ಸೊಸೆಂದ್ರಿಗೂ ಐದೈದು ತೊಲಿ ಅಂತ ಅತ್ತಿ ಹೇಳಿದ್ರು. ನನ್ನವು ಐವತ್ತೇ ಗ್ರಾಂ ಅವ. ಹಿರೇ ಸೊಸಿಗೆ ಎಂಟು ಗ್ರಾಂ ಹೆಚ್ಚಿಗಿ ಹಾಕಿದ್ರೇನು?"

ಅರವತ್ತು ವರ್ಷದ ಮ್ಯಾಲೆ ಒಂದು ಸಂಶಯ ಹುಟ್ಟಿತು. ಅದೂ ಯಾರ ಮ್ಯಾಲೆ? ಒಂದು ಹಿಡಿ ಸಾಸಿವಿಗೂ ಲೆಕ್ಕ ಇಟ್ಟಾಕಿ ನಮ್ಮ ಆಯಿ ಮ್ಯಾಲೆ. ಅಕಿ ವಹಿ ಇನ್ನೂ ನನ್ನ ಕಡೆ ಅದ. ಅದನ್ನ ತೆಗೆದು ನೋಡಿದೆ. "ಪಾಟ್ಲಿ ಎರಡು ಜೋಡು, ಒಂದೊಂದು ಜೋಡು 5 ತೊಲಿ" ಅಂತ ಸ್ವಚ್ಛ ಬರದದ. ಆಯಿ ಸುಳ್ಳು ಬರದಿಲ್ಲ, ಸರಾಫನ ತಕ್ಕಡೀನೂ ಸುಳ್ಳು ಹೇಳಿಲ್ಲ. ಹಂಗಾದ್ರ ನಡುವ ಎಂಟು ಗ್ರಾಂ ಎಲ್ಲಿಂದ ಬಂತು? ಇದನ್ನ ಹುಡುಕಲಿಕ್ಕೆ ಹೋಗಿ ನನಗ ಸಿಕ್ಕಿದ್ದು ಬಂಗಾರದ ಕಥಿ ಅಲ್ಲ, ಅಡಿಗಿಮನಿ ಕಥಿ.

ಈಗಿನವರಿಗೆ ಹಳೇ ಲೆಕ್ಕ ಒಮ್ಮೆ ಹೇಳಿಬಿಡ್ತೀನಿ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದ್ರ ರೂಪಾಯಿಗೆ 64 ಪೈಸೆ. ಪೈಸೆಯೊಳಗೂ ಮತ್ತ ಮೂರು ಪೈ ಇದ್ದವು. ತೂಕದಾಗ ಪಕ್ಕಾ ಸೇರು ಅಂದ್ರ 80 ತೊಲಿ. ಅದರ ಅರ್ಧ ಅಚ್ಛೇರು, ಕಾಲು ಪಾವಸೇರು, ಹದಿನಾರನೇ ಭಾಗ ಛಟಾಕು. 40 ಸೇರಿಗೆ ಒಂದು ಮಣ. ತೊಲಿ ಅಂದ್ರ ಎಷ್ಟು? ಬ್ರಿಟಿಷರ ಕಾಲದ ಒಂದು ರೂಪಾಯಿ ನಾಣ್ಯದ ತೂಕ, 11.66 ಗ್ರಾಂ. ಇದು ಭಾಳ ಚಂದದ ವ್ಯವಸ್ಥಾ ಇತ್ತು ನೋಡ್ರಿ. ಗಂಟಿನಾಗಿನ ರೊಕ್ಕಾನ ತೂಕದ ಕಲ್ಲು. ಅಂಗಡಿಯವನ ಛಟಾಕಿನ ಮ್ಯಾಲೆ ಸಂಶಯ ಬಂದ್ರ ಐದು ರೂಪಾಯಿ ನಾಣ್ಯ ಇನ್ನೊಂದು ಪರಡಿಯೊಳಗ ಇಟ್ಟು ನೋಡಿದ್ರ ಮುಗೀತು. ಹಂಗಂತ ಎಲ್ಲಾ ಕಡೆ ಒಂದೇ ಸೇರು ಇತ್ತು ಅಂತಲ್ಲ. ಹಳೇ ಮೈಸೂರು ಕಡೆ 24 ತೊಲಿದು ಕಚ್ಚಾ ಸೇರು ಬ್ಯಾರೆ ನಡೀತಿತ್ತು, ಕಾಳು ಅಳಿಯೋ ಸೇರು ಅದಕ್ಕಿಂತ ಬ್ಯಾರೆ. ಊರು ಬದಲಾದ್ರ ಸೇರು ಬದಲಾಗ್ತಿತ್ತು. ಮದಿವ್ಯಾಗಿ ಬಂದ ಸೊಸಿ ಮೊದಲು ಕಲೀಬೇಕಾಗಿದ್ದು ಅತ್ತಿಮನಿ ಸೇರು ಎಷ್ಟರದು ಅನ್ನೋದು.

ಆಯಿ ಮನಿ ನಡಿಸೋ ಹೊತ್ತಿಗೆ ಎಲ್ಲಾನೂ ಒಮ್ಮೆಲೇ ಬದಲಾತು. 1956ರ ನವೆಂಬರ್ 1ಕ್ಕ ನಮ್ಮ ಧಾರವಾಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿತು. ಐದು ತಿಂಗಳಿಗೆ, 1957ರ ಏಪ್ರಿಲ್ 1ಕ್ಕ, ಆಣೆ ಹೋಗಿ ನಯಾಪೈಸೆ ಬಂತು. ಮರುವರ್ಷ ಅಕ್ಟೋಬರದಿಂದ ಕಿಲೋಗ್ರಾಂ ಒಂದೊಂದೇ ಪ್ರದೇಶಕ್ಕ ಕಾಲಿಡ್ತಾ ಬಂದು, 1962ರ ಹೊತ್ತಿಗೆ ಸೇರು ಕಾಯ್ದೆ ಪ್ರಕಾರ ಸತ್ತೇ ಹೋತು. ರಾಜ್ಯ ಬದಲಾಗಿದ್ದಕ್ಕ ಮೆರವಣಿಗಿ ಆದವು, ಭಾಷಣ ಆದವು, ಇತಿಹಾಸದ ಪುಸ್ತಕದಾಗ ಬಂತು. ಇನ್ನುಳಿದ ಎರಡು ಬದಲಾವಣಿ ಸಂಭಾಳಿಸಿದವರು ಯಾರು? ದಿನಾ ಮುಂಜಾನೆ ಎರಡಾಣೆ ಹಿಡಕೊಂಡು ಕಾಯಿಪಲ್ಯಾ ತರೋವರು.

ನಯಾಪೈಸೆ ಲೆಕ್ಕ ಕೇಳಲಿಕ್ಕೆ ಸರಳ. ರೂಪಾಯಿಗೆ ನೂರು, ಮುಗೀತು. ಆದ್ರ ಹಳೇ ನಾಣ್ಯ, ಹೊಸಾ ನಾಣ್ಯ ಎರಡೂ ಕೂಡೇ ಕೆಲವು ವರ್ಷ ನಡೆದವು, ತೊಡಕು ಅಲ್ಲೇ. ಒಂದು ಆಣೆ ಅಂದ್ರ ಆರೂಕಾಲು ನಯಾಪೈಸೆ. ಕಾಲು ಪೈಸೆ ಯಾರು ಕೊಡ್ತಾರ? ಅದಕ್ಕ ಸರಕಾರ ಒಂದು ಕೋಷ್ಟಕ ಮಾಡಿತ್ತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25. ಹಳೇ ಒಂದು ಪೈಸೆಗೆ 2 ನಯಾಪೈಸೆ. ಈ ಕಡೀದ್ದನ್ನ ತುಸು ನಿಂತು ನೋಡ್ರಿ. ಹಳೇ ಪೈಸೆಯ ಖರೇ ಬೆಲಿ ಒಂದೂವರಿಗಿಂತ ಚೂರು ಹೆಚ್ಚು, ತೊಗೊಳ್ಳೋದು ಎರಡು. ಪೈಸೆಕ್ಕೊಂದು ಅರಿಷಿಣ ಪುಡಿಕಿ ತೊಗೊಳ್ಳೋಾಕಿ ಹಂಗ 64 ಸಲ ತೊಗೊಂಡ್ರ ರೂಪಾಯಿ ಮಾಲಿಗೆ 128 ನಯಾಪೈಸೆ ಕೊಟ್ಟಂಗಾತು. ಅದೇ ಆಣೆಕ್ಕೊಮ್ಮೆ ತೊಗೊಂಡಾಕಿ ಹದಿನಾರು ಸಲಕ್ಕ 96 ಕೊಟ್ಟು ನಾಲ್ಕು ಪೈಸೆ ಉಳಿಸ್ತಾಳ. ಅಂಗಡಿಯವ ಆಣೆಗೆ 6ರ ಬದಲು 7 ಅಂದ್ರ? ರೂಪಾಯಿಗೆ 112. ಒಟ್ಟಿನ ಮ್ಯಾಲೆ, ಪುಡಿಕಿ ಪುಡಿಕಿ ಕೊಳ್ಳೋ ಬಡವರ ಮನಿಗೆ ಹೊಸಾ ನಾಣ್ಯ ತುಟ್ಟಿ, ಸೇರುಗಟ್ಟಲೆ ಕೊಳ್ಳೋವರ ಮನಿಗೆ ಹಂಗಲ್ಲ. ಯಾವ ಮಂತ್ರೀನೂ ಹಿಂಗ ಆಗಲಿ ಅಂತ ಮಾಡಿದ್ದಲ್ಲ, ಆದ್ರ ಆಗಿದ್ದು ಹಿಂಗ.

ಆಯಿ ಇದನ್ನ ಕೋಷ್ಟಕ ಓದಿ ತಿಳಕೊಂಡಿದ್ದಲ್ಲ. ನಾಲ್ಕನೇತ್ತೆ ಸಾಲಿ ಕಲಿತಾಕಿ. ಆದ್ರ ವಹಿ ನೋಡಿದ್ರ 1957ರ ಬ್ಯಾಸಗಿಯಿಂದ ಅಕಿ ಕೊಳ್ಳೋ ರೀತೀನ ಬದಲಾಗ್ಯದ. ಕೊತ್ತಂಬರಿ, ಮೆಣಸಿನಕಾಯಿ, ಲಿಂಬಿಹಣ್ಣು ಅಂತ ದಿನಾ ಪೈಸೆ ಪೈಸೆ ಬರೀತಿದ್ದಾಕಿ, ಕಾಯಿಪಲ್ಯಾದಾಕಿ ಹೆಸರಿನ ಮುಂದ ಬರೇ ಗೀಟು ಎಳೀಲಿಕ್ಕೆ ಸುರು ಮಾಡ್ಯಾಳ. ನಾಲ್ಕಾಣೆ ತುಂಬಿದ ಮ್ಯಾಲೆ ಒಂದು ಅಡ್ಡಗೀಟು, ಅದರ ಮುಂದ "25". ಯಾರಿಗೂ ಅರ್ಧ ಪೈಸೆ ಹೆಚ್ಚಿಲ್ಲ, ಕಡಿಮಿ ಇಲ್ಲ. ಪಾವಲಿ ಒಂದೇ ಜಗಳ ಇಲ್ಲದ ನಾಣ್ಯ ಅಂತ ಅಕಿಗೆ ತಿಳಿದಿತ್ತು. ನಮ್ಮ ಕಡೆ ಜನ ಇವತ್ತಿಗೂ ನಾಲ್ಕಾಣೆ, ಎಂಟಾಣೆ ಅಂತಾರ, ಐದಾಣೆ ಏಳಾಣೆ ಅನ್ನೋದು ಮರತದ. ಯಾಕಂದ್ರ ನೂರರೊಳಗ ಸರಿಯಾಗಿ ಕೂತಿದ್ದು ಅವಷ್ಟ. "ನಯಾ" ಅನ್ನೋ ಮಾತನ್ನ ಸರಕಾರ 1964ರ ಜೂನ್ 1ಕ್ಕ ತೆಗೆದುಹಾಕ್ತು, ಆದ್ರ "ಒಂದು ನಯಾಪೈಸೆ ಕೊಡಂಗಿಲ್ಲ" ಅನ್ನೋ ಬೈಗುಳದಾಗ ಅದು ಇನ್ನೂ ಗಟ್ಟಿ ಅದ.

ತೂಕದ್ದು ಇದಕ್ಕಿಂತ ಬಿರಿ. ಸೇರು ಅಂದ್ರ 933 ಗ್ರಾಂ. ಕಿಲೋ ಅದಕ್ಕಿಂತ ದೊಡ್ಡದು, ಆದ್ದರಿಂದ ದರ ತುಸು ಏರಬೇಕಾದದ್ದೇ. ಎಷ್ಟು? ಸೇರಿಗೆ ಒಂದು ರೂಪಾಯಿ ಇದ್ರ ಕಿಲೋಕ್ಕ ಒಂದು ರೂಪಾಯಿ ಏಳು ಪೈಸೆ. ಎಂಟಾಣೆ ಸೇರಿನ ಬ್ಯಾಳಿ ಕಿಲೋಕ್ಕ 54 ಪೈಸೆ. ವಹಿಯ ರಟ್ಟಿನ ಒಳಗ ಆಯಿ ಇಷ್ಟ ಬರಕೊಂಡಾಳ: "ರೂಪಾಯಿಗೆ ಏಳು". ಅಂಗಡಿಯವ ಅದಕ್ಕಿಂತ ಹೆಚ್ಚು ಹೇಳಿದ್ರ ಅಕಿ ಅಲ್ಲೇ ನಿಂತು ಮಾತಾಡ್ತಿದ್ಲಂತ. ನಮ್ಮಪ್ಪ ಸಣ್ಣಾವಿದ್ದಾಗ ಚೀಲಾ ಹಿಡಕೊಂಡು ಕೂಡ ಹೋಗ್ತಿದ್ದ, ನಾಚಿಕಿ ಬರ್ತಿತ್ತು ಅಂತ ಹೇಳ್ತಿದ್ದ.

ದೊಡ್ಡ ತೂಕದಾಗ ಹಿಂಗ ಕಣ್ಣಿಗೆ ಕಾಣ್ತಿತ್ತು. ಸಣ್ಣದರಾಗ ಕಾಣ್ತಿರಲಿಲ್ಲ. ಪಾವಸೇರು 233 ಗ್ರಾಂ, ಅದರ ಜಾಗಾಕ್ಕ 250 ಬಂತು, ಚಿಂತಿಲ್ಲ. ಆದ್ರ ಛಟಾಕು 58 ಗ್ರಾಂ ಚಿಲ್ಲರೆ, ಅದರ ಜಾಗಾಕ್ಕ ಬಂದು ಕೂತಿದ್ದು 50. ಜನ ಬಾಯಿರೂಢಿಯಿಂದ ಛಟಾಕು ಚಹಾಪುಡಿ ಕೇಳಿದ್ರ ಅಂಗಡಿಯವ 50ರ ಕಲ್ಲು ಹಾಕಿ ಅದೇ ರೊಕ್ಕ ತೊಗೊಂಡ್ರ ಯಾರಿಗೂ ತಿಳೀತಿರಲಿಲ್ಲ. ಎಂಟು ಗ್ರಾಂ ಹೋತು, ಅಂದ್ರ ಏಳರಾಗ ಒಂದು ಭಾಗ. ಚಹಾಪುಡಿ, ಯಾಲಕ್ಕಿ, ಲವಂಗ, ಇಂಗು, ಎಲ್ಲಾ ತುಟ್ಟಿ ಸಾಮಾನು ಛಟಾಕಿನಾಗ ಕೊಳ್ಳೋವು. ಆಯಿ ವಹಿಯೊಳಗ 1961ರಿಂದ ಚಹಾಪುಡಿ ಬರೇ ಪಾವಕಿಲೋ ಲೆಕ್ಕದಾಗ ಬರ್ತದ. ಛಟಾಕಿನಾಗ ಕೊಳ್ಳೋದನ್ನ ಪೂರಾ ಬಿಟ್ಟಾಳ.

ಆದ್ರ ಅಡಿಗಿಮನಿ ಒಳಗ ಮಾತ್ರ ಹಳೇ ಸೇರೇ ನಡೀತು. ಎಂಟು ಮಂದಿ ಮನಿಗೆ ದಿನಕ್ಕ ಮೂರು ಸೇರು ಜ್ವಾಳ ಬೇಕು ಅಂತ ಅಕಿ ಲೆಕ್ಕ. ವರ್ಷಕ್ಕ 1,095 ಸೇರು, 27 ಮಣದ ಮ್ಯಾಲೆ. ಈಗಿನ ಲೆಕ್ಕಕ್ಕ ನೂರು ಕಿಲೋದ ಹತ್ತು ಚೀಲ. ಸುಗ್ಗಿ ಮುಗಿದು ಹೊಸಾ ಜ್ವಾಳ ಪ್ಯಾಟಿಗೆ ಬಂದಾಗ ದರ ಇಳದಿರ್ತದ, ಆವಾಗ ವರ್ಷದ್ದು ತೊಗೊಂಡು ಬಿಸಿಲಿಗೆ ಹಾಕಿ, ಬೇವಿನ ಎಲಿ, ಬೂದಿ ಬೆರಸಿ ತುಂಬಿಡೋದು. ಹಳ್ಳಿಯೊಳಗಾದ್ರ ನೆಲದಾಗ ಹಗೇವು ಇರ್ತಿದ್ದವು. ಅದರ ಬಾಯಿ ತಗದ ಕೂಡ್ಲೇ ಯಾರೂ ಒಳಗ ಇಳೀಬಾರದು, ಕೆಟ್ಟ ಗಾಳಿ ತುಂಬಿರ್ತದ, ಜೀವಾ ಹೋದ ಪ್ರಸಂಗ ಅವ. ಬ್ಯಾಡಗಿ ಮೆಣಸಿನಕಾಯಿ, ಹುಣಸಿಹಣ್ಣು, ತೊಗರಿಬ್ಯಾಳಿ ಎಲ್ಲಾಕ್ಕೂ ಅದರದರ ತಿಂಗಳು. ಈ ಕೊಳ್ಳೋದಕ್ಕ ರೊಕ್ಕ ಬೇಕಲ್ಲ, ಅದು ಅಡಕಲಗಡಿಗಿಯೊಳಗ ಹತ್ತು ತಿಂಗಳು ಕೂಡಿರಬೇಕು. ಅಜ್ಜನ ಪಗಾರ ತಿಂಗಳ ಲೆಕ್ಕ, ಆಯಿದು ವರ್ಷದ ಲೆಕ್ಕ.

ವರ್ಷದ ಆದಾಯ ಎಣಿಸಿ ಅದಕ್ಕ ತಕ್ಕಂಗ ಖರ್ಚು ಮಾಡೋದು ಹೆಂಡತಿ ಕೆಲಸ ಅಂತ ವಾತ್ಸ್ಯಾಯನನ ಕಾಮಸೂತ್ರದಾಗೂ ಅದ. ಆ ಪುಸ್ತಕ ಜನ ಬ್ಯಾರೆ ಕಾರಣಕ್ಕ ನೆನಸ್ತಾರ, ಇರಲಿ. ಅಷ್ಟು ಹಳೇ ಪುಸ್ತಕ ಇದನ್ನ ಕೆಲಸ ಅಂತ ಒಪ್ಪಿತ್ತು. ಆದ್ರ 1961ರ ಜನಗಣತಿ, ಆಣೆ-ಪೈಸೆ, ಸೇರು-ಕಿಲೋ ಎಲ್ಲಾ ಕಲಸಿಕೊಂಡು ಕೂತ ನಡುವಿನ ವರ್ಷ, ದುಡಿಯೋ ಮಂದೀನ ಒಂಬತ್ತು ಬಗಿ ಮಾಡಿ ಬರಕೊಂಡು, ಬರೇ ಮನಿಗೆಲಸ ಮಾಡೋವರನ್ನ ದುಡಿಯದವರ ಪಟ್ಟಿಗೆ ಹಾಕಿತು. ಎಣಿಸಲಿಕ್ಕೆ ಬಂದವನ ಮುಂದ ಆಯಿ ಏನು ಹೇಳಿದ್ಲೋ ಗೊತ್ತಿಲ್ಲ. ಅಜ್ಜನೇ ಹೇಳಿರಬೇಕು. ನನಗ ಸಿಟ್ಟು ಬರೋದು ಆ ಶಬ್ದಕ್ಕಲ್ಲ. ಸರಕಾರದ ಎರಡು ಹೊಸಾ ಕಾಯ್ದೆ ಅದೇ ಹೊತ್ತಿಗೆ ಪ್ರತಿ ಮನ್ಯಾಗ ಜಾರಿ ಮಾಡ್ತಿದ್ದದ್ದು ಇಂಥಾ "ದುಡಿಯದವರು", ಪಗಾರ ಇಲ್ಲದ.

ಈಗ ಪಾಟ್ಲಿ ಕಡೆ ಬರೋಣ. ಐದು ತೊಲಿ ಅಂದ್ರ ಹಳೇ ಲೆಕ್ಕಕ್ಕ 58.3 ಗ್ರಾಂ. ಅವ್ವನ ಪಾಟ್ಲಿ ಅಷ್ಟೇ ಅವ. ತೂಕದ ಕಾಯ್ದೆ ಬಂದ ಮ್ಯಾಲೆ ಬಂಗಾರದ ದರ 10 ಗ್ರಾಂ ಲೆಕ್ಕದಾಗ ಹೇಳಲಿಕ್ಕೆ ಹತ್ತಿದ್ರು. ನಮ್ಮ ಕಡೆ ಜನ ಆ ಹತ್ತು ಗ್ರಾಮಿಗೇ ತೊಲಿ ಅಂತ ಕರದ್ರು. ಹೆಸರು ಅದೇ, ಒಳಗಿನ ತೂಕ ಒಂದೂವರಿ ಗ್ರಾಮಿಗಿಂತ ಹೆಚ್ಚು ಕರಗಿತು. ರೂಪಾಯಿ ನಾಣ್ಯಾನೂ ಹಂಗೇ: 1962ರಿಂದ ಬಂದ ರೂಪಾಯಿ 10 ಗ್ರಾಂದ್ದು. ಹಿಂಗಾಗಿ ಹೊಸಾ ರೂಪಾಯಿ ಇಟ್ಟು ತೂಗಿ ನೋಡಿದಾಕಿಗೂ ಎಲ್ಲಾ ಸರಿ ಅದ ಅನಸ್ತಿತ್ತು.

"ಕಾಕು, ನಿಮ್ಮ ಪಾಟ್ಲಿ ಆಯಿ ಕೊಟ್ಟವೇ ಅವಯೇನು?" ಅಂತ ಕೇಳಿದೆ.

"ಅಲ್ಲ. 1984ರಾಗ ಮುರಿಸಿ ಹೊಸಾ ನಮೂನಿ ಮಾಡಿಸಿದೆ. ಹಳೇವು ಐದು ತೊಲಿ ಕೊಟ್ಟೆ, ಹೊಸಾವು ಐದು ತೊಲಿ ತೊಗೊಂಡೆ. ಮಜೂರಿ ಅಷ್ಟ ಕೊಟ್ಟಿದ್ದು."

ಅಂಗಡಿಯವ ಮುರಿಯೋ ಮುಂದ ಇವರ ಕಣ್ಣೆದುರು ತೂಗಿದ್ನೋ ಇಲ್ಲೋ ಅಂತ ಕೇಳಿದ್ರ, "ತೊಲಿ ಎಷ್ಟು ಅಂತ ಕೇಳಿದ, ಐದು ಅಂದೆ" ಅಂದ್ರು.

ಆಯಿ ಸಾಮಾನಿನ ಡಬ್ಬಿಯೊಳಗ ಒಂದು ಹಿತ್ತಾಳಿ ಛಟಾಕಿನ ಕಲ್ಲು ಇತ್ತು. ಛಟಾಕು ಅಂದ್ರ ಐದು ತೊಲಿ ಅಲ್ಲೇನು, ಅದನ್ನ ಸಣ್ಣ ತಕ್ಕಡಿಯ ಒಂದು ಪರಡಿಯೊಳಗ ಇಟ್ಟು, ಇನ್ನೊಂದರಾಗ ಅವ್ವನ ಪಾಟ್ಲಿ ಇಟ್ಟೆ. ಮುಳ್ಳು ನಡುವ ನಿಂತಿತು. ಆಮ್ಯಾಲೆ ಕಾಕು ತಮ್ಮ ಕೈಯಾಗಿನವನ್ನ ತಾವೇ ಬಿಚ್ಚಿ ಇಟ್ರು. ಪರಡಿ ಮ್ಯಾಲೇ ಉಳೀತು. ಅವರು ಒಂದಿಷ್ಟು ಹೊತ್ತು ಅದನ್ನೇ ನೋಡಿದ್ರು.

"ಅತ್ತಿ ಸರಿಯಾಗೇ ಕೊಟ್ಟಿದ್ರು," ಅಂದ್ರು. ಪಾಟ್ಲಿ ಹೊಳ್ಳಿ ಹಾಕ್ಕೊಂಡ್ರು, ಛಟಾಕಿನ ಕಲ್ಲು ಕೈಯಾಗ ಹಿಡಕೊಂಡು, "ಇದನ್ನ ನಾನು ಒಯ್ಲೇನು?" ಅಂತ ಕೇಳಿದ್ರು.