ಗೇಟಿನ ಬಳಿ ನಿಂತ ಮುಖ್ಯೋಪಾಧ್ಯಾಯರು



ಡಿಸೆಂಬರ್ 8 ಅಮಲೋದ್ಭವ ಮಾತೆಯ ಹಬ್ಬ. ಈ ಹಬ್ಬದ ಪ್ರಬೋಧನೆಗೆ ಸಿದ್ಧತೆ ಮಾಡಿಕೊಳ್ಳುವಾಗಲೆಲ್ಲ ನಮಗೆ ಲಂಡನ್ ನಗರದ ಒಂದು ಶಾಲೆಯ ಗೇಟು ನೆನಪಾಗುತ್ತದೆ. ನಾವು ಆ ಶಾಲೆಯನ್ನು ನೋಡಿದವರಲ್ಲ. ಆದರೆ ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಕಳುಹಿಸಿ ಸಂಜೆಯವರೆಗೆ ದಾರಿ ನೋಡುವ ತಂದೆತಾಯಂದಿರು ಆ ಶಾಲೆಯ ಚರಿತ್ರೆಯನ್ನು ತಿಳಿದಿರಬೇಕು ಎಂದು ನಮಗನಿಸುತ್ತದೆ.

ಶಾಲೆಯ ಹೆಸರು ಸಂತ ಜಾರ್ಜ್ ಕಥೋಲಿಕ ಪ್ರೌಢಶಾಲೆ. ಪಶ್ಚಿಮ ಲಂಡನ್ನಿನ ಮೇಡಾ ವೇಲ್ ಎಂಬಲ್ಲಿದೆ. ಕಥೋಲಿಕ ಶಾಲೆ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಶುಲ್ಕ, ಡೊನೇಷನ್, ಸಂದರ್ಶನ. ಅಲ್ಲಿ ಹಾಗಲ್ಲ. ಅದು ಸರ್ಕಾರದ ಹಣದಿಂದ ನಡೆಯುವ ಶಾಲೆ, ಮಕ್ಕಳಿಗೆ ಶುಲ್ಕವಿಲ್ಲ.

ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1850ರಲ್ಲಿ ಇಂಗ್ಲೆಂಡಿನಲ್ಲಿ ಧರ್ಮಾಧ್ಯಕ್ಷರ ಪೀಠಗಳು ಮತ್ತೆ ಸ್ಥಾಪನೆಯಾದವು. ಐರ್ಲೆಂಡಿನ ಬರಗಾಲದಿಂದ ಓಡಿಬಂದ ಬಡವರಿಂದ ಧರ್ಮಕೇಂದ್ರಗಳು ತುಂಬಿದ್ದವು. 1852ರಲ್ಲಿ ಕಾರ್ಡಿನಲ್ ವೈಸ್‌ಮನ್ ಅವರ ನೇತೃತ್ವದಲ್ಲಿ ಆಸ್ಕಟ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರು ಒಂದು ಧೈರ್ಯದ ಮಾತನ್ನು ಹೇಳಿದರು: ಹೊಸ ಜಾಗದಲ್ಲಿ ದೇವಾಲಯ ಮೊದಲೋ ಶಾಲೆ ಮೊದಲೋ ಎಂಬ ಪ್ರಶ್ನೆ ಬಂದರೆ ಶಾಲೆ ಮೊದಲಾಗಲಿ, ಸದ್ಯಕ್ಕೆ ಅದರೊಳಗೇ ಬಲಿಪೂಜೆ ನಡೆಯಲಿ. ದೇವಾಲಯದ ಗೋಪುರಕ್ಕಾಗಿ ಚಂದಾ ಎತ್ತುವ ನಮ್ಮಂಥ ಗುರುಗಳಿಗೆ ಇದು ಸ್ವಲ್ಪ ಇರಿಸುಮುರಿಸಿನ ಮಾತೇ ಸರಿ.

ಮುಂದೆ 1944ರ ಶಿಕ್ಷಣ ಕಾಯಿದೆಯಲ್ಲಿ ಒಂದು ಒಪ್ಪಂದವಾಯಿತು. ಶಿಕ್ಷಕರ ಸಂಬಳವನ್ನು ಸರ್ಕಾರ ಕೊಡುವುದು. ಆಡಳಿತ ಮಂಡಳಿಯಲ್ಲಿ ಧರ್ಮಸಭೆಗೆ ಬಹುಮತ. ಕಟ್ಟಡದ ಖರ್ಚಿನಲ್ಲಿ ಅರ್ಧ ಧರ್ಮಸಭೆಯದು. ಆ ಅರ್ಧಕ್ಕಾಗಿ ಅಲ್ಲಿನ ಕೂಲಿಕಾರ ಕುಟುಂಬಗಳು ವರ್ಷಗಟ್ಟಲೆ ಕಾಣಿಕೆ ಕೂಡಿಸಿದವು. ಧರ್ಮಸಭೆಯ ಪಾಲು ಕ್ರಮೇಣ ಇಳಿದು 2002ರಲ್ಲಿ ನೂರಕ್ಕೆ 10ಕ್ಕೆ ಬಂತು. ನಮ್ಮ ಅನುದಾನಿತ ಶಾಲೆಗಳ ಪದ್ಧತಿಯೂ 1854ರಲ್ಲಿ ಬ್ರಿಟಿಷರು ಕಳುಹಿಸಿದ ವುಡ್ ಅವರ ವರದಿಯ ಮೂಲಕ ಬಂದದ್ದೇ. ಆದ್ದರಿಂದ ಅವರ ಕಥೆ ನಮಗೆ ತೀರ ಪರಕೀಯವಲ್ಲ.

ಈಗ ಗೇಟಿನ ಬಳಿಗೆ ಬರೋಣ. ಫಿಲಿಪ್ ಲಾರೆನ್ಸ್ 1993ರಲ್ಲಿ ಸಂತ ಜಾರ್ಜ್ ಶಾಲೆಯ ಮುಖ್ಯೋಪಾಧ್ಯಾಯರಾದರು. ಐರ್ಲೆಂಡಿನಲ್ಲಿ ಹುಟ್ಟಿದವರು, ನಾಲ್ಕು ಮಕ್ಕಳ ತಂದೆ. ಶಿಸ್ತಿನ ಮನುಷ್ಯ. ತೀರ ಪುಂಡಾಟ ಮಾಡುವವರನ್ನು ಶಾಲೆಯಿಂದ ಹೊರಗೆ ಕಳುಹಿಸಲು ಹಿಂಜರಿಯುತ್ತಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿಗೆ ತಾವೇ ಬರುತ್ತಿದ್ದರು.

1995ರ ಡಿಸೆಂಬರ್ 8, ಶುಕ್ರವಾರ. ಹೊರಗಿನಿಂದ ಬಂದ ಹುಡುಗರ ಒಂದು ಗುಂಪು ಗೇಟಿನ ಹೊರಗೆ 13 ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಹೊಡೆಯುತ್ತಿತ್ತು. ಲಾರೆನ್ಸ್ ಅವರು ಬಿಡಿಸಲು ಹೋದರು. ಗುಂಪಿನಲ್ಲಿದ್ದ 15 ವರ್ಷದ ಹುಡುಗನೊಬ್ಬ ಅವರ ಎದೆಗೆ ಚಾಕು ಹಾಕಿದ. ಆ ಸಂಜೆ ಆಸ್ಪತ್ರೆಯಲ್ಲಿ ಅವರು ಪ್ರಾಣ ಬಿಟ್ಟರು. ವಯಸ್ಸು 48.

ಒಳ್ಳೆಯ ಕುರಿಗಾಹಿಯ ವಿಷಯವನ್ನು ನಾವು ಎಷ್ಟೋ ಸಲ ಪ್ರಬೋಧಿಸಿದ್ದೇವೆ. ತೋಳ ಬಂದಾಗ ಓಡಿಹೋಗುವ ಕೂಲಿಯಾಳು ಯಾರೆಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಇಲ್ಲಿ ತೋಳವೂ ಒಂದು ಮರಿಯೇ ಆಗಿತ್ತಲ್ಲ! ಈ ಮಾತು ನಮ್ಮನ್ನು ಇಂದಿಗೂ ಕಾಡುತ್ತದೆ.

ಕ್ರಿಸ್ಮಸ್ ಹತ್ತಿರವಾಗಿತ್ತು. ಅವರ ಎಂಟು ವರ್ಷದ ಮಗ ಕ್ರಿಸ್ಮಸ್ ತಾತನಿಗೆ ಪತ್ರ ಬರೆದು, ತಾನು ಮೊದಲು ಕೇಳಿದ್ದ ದೂರದರ್ಶಕ ಬೇಡ, ಅಪ್ಪ ಬೇಕು ಎಂದು ಕೇಳಿದ್ದನ್ನು ಇಡೀ ಇಂಗ್ಲೆಂಡ್ ಓದಿತು. 1996ರಲ್ಲಿ 16 ವರ್ಷದೊಳಗಿನವರಿಗೆ ಚಾಕು ಮಾರುವುದನ್ನೂ ಶಾಲೆಯೊಳಗೆ ಚಾಕು ಒಯ್ಯುವುದನ್ನೂ ಅಪರಾಧವಾಗಿಸುವ ಕಾನೂನು ಬಂತು. ಲಾರೆನ್ಸ್ ಅವರ ಪತ್ನಿ ಫ್ರಾನ್ಸಿಸ್ ಮನೆಯಲ್ಲಿ ಕುಳಿತು ಅಳಲಿಲ್ಲ. ಮಕ್ಕಳಿಗೆ ನೀತಿ ಮತ್ತು ನಾಗರಿಕ ಜವಾಬ್ದಾರಿಯನ್ನು ಕಲಿಸಬೇಕೆಂದು ದೇಶವನ್ನೇ ಒತ್ತಾಯಿಸಿದರು. ಒಳ್ಳೆಯ ಕೆಲಸ ಮಾಡುವ ಯುವಜನರಿಗಾಗಿ 1997ರಲ್ಲಿ ಪತಿಯ ಹೆಸರಿನ ಪ್ರಶಸ್ತಿಗಳು ಆರಂಭವಾದವು.

ಕ್ಷಮೆಯ ವಿಷಯದಲ್ಲಿ ಮಾತ್ರ ನಾವು ಗುರುಗಳು ಆತುರಪಡಬಾರದು. ಕೊಂದ ಹುಡುಗನಿಗೆ ಕನಿಷ್ಠ 12 ವರ್ಷದ ಜೀವಾವಧಿ ಶಿಕ್ಷೆಯಾಯಿತು. ಅವನು ಇಟಲಿಯಲ್ಲಿ ಹುಟ್ಟಿದವನು. ಅವನನ್ನು ಅಲ್ಲಿಗೆ ಗಡೀಪಾರು ಮಾಡುವಂತಿಲ್ಲ ಎಂದು 2007ರಲ್ಲಿ ತೀರ್ಪು ಬಂದಾಗ ಆ ತಾಯಿ ಬಹಳ ನೊಂದರು, ನೊಂದೆನೆಂದು ಬಹಿರಂಗವಾಗಿಯೇ ಹೇಳಿದರು. 2010ರಲ್ಲಿ ಅವನ ಬಿಡುಗಡೆಯಾಯಿತು. ಹನ್ನೆರಡು ವರ್ಷ ಕಳೆದರೂ ಗಾಯ ಹಸಿಯಾಗಿತ್ತು ಎಂದು ಒಪ್ಪಿಕೊಂಡವರ ವಿಶ್ವಾಸವನ್ನು ನಾವು ಕಡಿಮೆ ಎನ್ನಲಾರೆವು.

ಶಾಲೆಯ ಗತಿ ಏನಾಯಿತು? ಇಳಿಯುತ್ತಲೇ ಹೋಯಿತು. 2000ದ ಆರಂಭದಲ್ಲಿ ಮಕ್ಕಳ ಹೊಡೆದಾಟ ಮಿತಿಮೀರಿ ಶಾಲೆಯನ್ನು ಕೆಲಕಾಲ ಮುಚ್ಚಬೇಕಾಯಿತು. ಸರ್ಕಾರದ ತಪಾಸಣೆಯಲ್ಲಿ ವಿಫಲವೆಂಬ ಪಟ್ಟಿಗೆ ಸೇರಿತ್ತು. ಆಗ ಕರೆಬಂದದ್ದು ಮೇರಿ ಸ್ಟಬ್ಸ್ ಎಂಬ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ. ಆಕೆಗೆ ಅರವತ್ತರ ಪ್ರಾಯ. ನಮ್ಮಲ್ಲಾದರೆ ‘ಇನ್ನು ಮೊಮ್ಮಕ್ಕಳನ್ನು ನೋಡಿಕೊಂಡು ಜಪಸರ ಹಿಡಿದು ಕೂರಿ ಅಮ್ಮ’ ಎನ್ನುವ ವಯಸ್ಸು.

ಆಕೆಯೂ ಗೇಟಿನ ಬಳಿಯೇ ನಿಂತರು. ಬೆಳಿಗ್ಗೆ ಒಳಬರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದರು. ಎಲ್ಲೆಲ್ಲಿಂದಲೋ ಬಂದ ಮಕ್ಕಳು, ಕೆಲವರು ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರ ಮಕ್ಕಳು. ಆಕೆ ಹೊರಹಾಕುವುದಕ್ಕಿಂತ ಒಳಗಿಟ್ಟುಕೊಳ್ಳುವ ಪಕ್ಷದವರು. ಓದು ಮುಗಿಸಿ ಹೊರಡುವ ಮಕ್ಕಳಿಗೆ ದೊಡ್ಡವರಿಗೆ ಮಾಡುವಂತೆ ಔತಣಕೂಟ ಮಾಡಿಸಿದರು. ಇಂಥ ಮಕ್ಕಳಿಗೆ ಇಷ್ಟೆಲ್ಲ ಏಕೆ ಎಂದು ಕೇಳುವವರು ಎಲ್ಲ ಊರಿನಲ್ಲೂ ಇರುತ್ತಾರೆ.

ಲಾರೆನ್ಸ್ ಅವರ ಶಿಸ್ತು ಸರಿಯೋ, ಸ್ಟಬ್ಸ್ ಅವರ ಅಕ್ಕರೆ ಸರಿಯೋ? ನಮ್ಮ ಸೆಮಿನರಿಯ ದಿನಗಳಲ್ಲಿ ಕೇಳಿದ್ದರೆ ಶಿಸ್ತು ಎನ್ನುತ್ತಿದ್ದೆವು. ಈಗ ಹಾಗೆ ಬೇಗ ಹೇಳಲು ನಾಲಗೆ ಏಳುವುದಿಲ್ಲ. ಮಕ್ಕಳನ್ನು ಹೊರಹಾಕಿದವರೇ ಒಬ್ಬ ಮಗುವಿಗಾಗಿ ಗೇಟಿನ ಹೊರಗೆ ಓಡಿದರು.

2001ರಲ್ಲಿ ತಪಾಸಣೆಯವರು ಮತ್ತೆ ಬಂದು ಶಾಲೆಯನ್ನು ಆ ಪಟ್ಟಿಯಿಂದ ತೆಗೆದರು. ಸ್ಟಬ್ಸ್ ಅಲ್ಲಿದ್ದದ್ದು ಸುಮಾರು 17 ತಿಂಗಳು ಮಾತ್ರ. ಬಳಿಕ ಅದರ ಬಗ್ಗೆ ಪುಸ್ತಕ ಬರೆದರು. 2005ರಲ್ಲಿ ಅದು ಟಿ.ವಿ. ಚಿತ್ರವಾಯಿತು, ಆಕೆಯ ಪಾತ್ರದಲ್ಲಿ ಜೂಲಿ ವಾಲ್ಟರ್ಸ್ ನಟಿಸಿದರು. ಕೆಲಸ ಮುಗಿಸಿದ ಸ್ಟಬ್ಸ್ ಶಾಲೆಯನ್ನು ಬೇರೆಯವರ ಕೈಗೆ ಒಪ್ಪಿಸಿ ಮನೆಗೆ ಹೋದರು.