ಕಿಲೋಮೀಟರಿಗೆ ನಾಲ್ಕು ಫ್ರಾಂಕ್

1976ರ ಕೊನೆಯ ತಿಂಗಳುಗಳಲ್ಲಿ ಒಂದು ದಿನ ಐರ್ಲೆಂಡಿನ ಕ್ಯಾರಿಕ್-ಆನ್-ಶೂರ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ ಒಂದು ಟ್ಯಾಕ್ಸಿ ಹೊಲದ ದಾರಿಗಳಲ್ಲಿ ಓಡಾಡುತ್ತಿತ್ತು. ಅದರಲ್ಲಿದ್ದವರು ಜಾನ್ ದ ಗ್ರಿಬಾಲ್ದಿ, ಫ್ರಾನ್ಸಿನ ಬೆಜಾನ್ಸೋನ್ ನಗರದವರು, ವೃತ್ತಿಪರ ಸೈಕಲ್ ತಂಡದ ಮ್ಯಾನೇಜರು. ತಮ್ಮ ಸ್ವಂತ ವಿಮಾನದಲ್ಲಿ ಹಾರಿ ಬಂದಿದ್ದರು. ತಾವು ಹುಡುಕುತ್ತಿದ್ದ ಹುಡುಗನ ವಿಳಾಸ ಅವರ ಬಳಿ ಇರಲಿಲ್ಲ. ಎದುರಿಗೆ ಬಂದರೂ ಗುರುತು ಸಿಗುತ್ತದೆಂಬ ಭರವಸೆ ಇರಲಿಲ್ಲ. ಗುರುತು ಹಿಡಿಯಲು, ಮಾತು ಅನುವಾದಿಸಲು ಇನ್ನೊಬ್ಬ ಸೈಕಲ್ ಸವಾರನನ್ನು ಜೊತೆಗೆ ಕರೆತಂದಿದ್ದರು. ಕೊನೆಗೆ ಹುಡುಗ ಸಿಕ್ಕಿದಾಗ ಅವನು ಟ್ರ್ಯಾಕ್ಟರ್ ಓಡಿಸುತ್ತಿದ್ದ.

ಹುಡುಗನ ಹೆಸರು ಶಾನ್ ಕೆಲಿ. ವಯಸ್ಸು 20. ಮುಂದೆ ಇವನು 193 ವೃತ್ತಿಪರ ಗೆಲುವು ಪಡೆದ, ಪ್ಯಾರಿಸ್-ನೀಸ್ ರೇಸನ್ನು 1982ರಿಂದ 1988ರವರೆಗೆ ಏಳು ವರ್ಷ ಸತತವಾಗಿ ಗೆದ್ದ. ಸೈಕಲ್ ರೇಸಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ಟ್ಯಾಕ್ಸಿಯ ಪ್ರಸಂಗದಿಂದಲೇ ಅವನ ಕಥೆ ಶುರು ಮಾಡುತ್ತಾರೆ. ಆದರೆ ಫ್ರಾನ್ಸಿನ ಮ್ಯಾನೇಜರಿಗೆ ಅವನ ಹೆಸರು ತಿಳಿದದ್ದಾದರೂ ಹೇಗೆ? ಅದಕ್ಕೆ ಆ ವರ್ಷದ ಬೇಸಿಗೆಗೆ ಹೋಗಬೇಕು. ಆ ಬೇಸಿಗೆಗೆ ಹೋಗಬೇಕಾದರೆ, ಹಿಂದಿನ ವರ್ಷ ಮಾಡಿದ ಒಂದು ತಪ್ಪಿನ ಮೂಲಕವೇ ಹೋಗಬೇಕು.

ಕೆಲಿಯದು ಬೇಸಾಯದ ಮನೆ. ತಂದೆ ಆಸ್ಪತ್ರೆ ಸೇರಿದಾಗ 13ರ ವಯಸ್ಸಿಗೇ ಶಾಲೆ ಬಿಟ್ಟು ಹೊಲಕ್ಕಿಳಿದ. ಮುಂದೆ ಗಾರೆ ಕೆಲಸವನ್ನೂ ಮಾಡಿದ. 1970ರಲ್ಲಿ ಮೊದಲ ರೇಸ್ ಗೆದ್ದ, 1972ರಲ್ಲಿ ರಾಷ್ಟ್ರೀಯ ಜೂನಿಯರ್ ಚಾಂಪಿಯನ್ ಆದ. ಇಂಥ ಹುಡುಗನ ಮುಂದೆ ಆಗ ಇದ್ದ ದೊಡ್ಡ ಗುರಿ ಎಂದರೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್. ಅದರ ತಯಾರಿಗೆಂದೇ 1975ರಲ್ಲಿ ಅವನು ಮತ್ತು ಇನ್ನಿಬ್ಬರು ಐರಿಷ್ ಸವಾರರು ದಕ್ಷಿಣ ಆಫ್ರಿಕಾದ ಒಂದು ರೇಸಿಗೆ ಹೋದರು. ವರ್ಣಭೇದ ನೀತಿಯ ವಿರುದ್ಧ ಆ ದೇಶಕ್ಕೆ ಕ್ರೀಡಾ ಬಹಿಷ್ಕಾರ ಹಾಕಿದ್ದ ಕಾಲ. ಅಲ್ಲಿಗೆ ಹೋಗಕೂಡದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಸುಳ್ಳು ಹೆಸರು ಹೇಳಿಕೊಂಡು ಓಡಿಸಿದರು.

ಸಿಕ್ಕಿಬಿದ್ದ ಬಗೆ ಸಿನಿಮಾದಂತಿದೆ. ನಟ ರಿಚರ್ಡ್ ಬರ್ಟನ್ ಮತ್ತು ನಟಿ ಎಲಿಜಬೆತ್ ಟೇಲರ್ ಎರಡನೆಯ ಸಲ ಮದುವೆಯಾಗಿ ಆ ದಿನಗಳಲ್ಲಿ ಅಲ್ಲಿಗೆ ಬಂದಿದ್ದರು. ಅವರ ಬೆನ್ನುಹತ್ತಿ ಬಂದ ಬ್ರಿಟಿಷ್ ಪತ್ರಕರ್ತರು, ಬ್ರಿಟನ್ನಿನ ಸವಾರರೂ ರೇಸಿನಲ್ಲಿದ್ದಾರೆಂದು ತಿಳಿದು ನೋಡಲು ಹೋದರು. ತಂಡದವರು ಫೋಟೊಗೆ ಒಪ್ಪಲಿಲ್ಲ, ಅದೇ ಅನುಮಾನಕ್ಕೆ ಕಾರಣವಾಯಿತು. ಫೋಟೊ ಲಂಡನ್ನಿಗೆ ಹೋಯಿತು, ಬಲ್ಲವರು ಮುಖಗಳನ್ನು ಗುರುತಿಸಿದರು. ಮೊದಲು ಕೆಲವು ತಿಂಗಳ ಅಮಾನತು. ಅದು ಮುಗಿದು ಮತ್ತೆ ರೇಸಿಗಿಳಿದ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಿಂದ ಜೀವಾವಧಿ ನಿಷೇಧ.

ಈ ಶಿಕ್ಷೆಯ ತೂಕ ತಿಳಿಯಲು ಭಾರತದ ಓದುಗರು ದೂರ ಹೋಗಬೇಕಿಲ್ಲ. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ಮದ್ರಾಸಿನ ಅಮೃತರಾಜ್ ಸಹೋದರರಿದ್ದ ತಂಡಕ್ಕೆ ಕಪ್ ಗೆಲ್ಲುವ ಅವಕಾಶ ಕೈಗೆಟಕುವಂತಿತ್ತು. ಸರ್ಕಾರ ಆಡುವುದು ಬೇಡವೆಂದಿತು, ಭಾರತ ಕಪ್ ಬಿಟ್ಟುಕೊಟ್ಟಿತು. ಒಂದು ವರ್ಷದ ನಂತರ ಅದೇ ದೇಶಕ್ಕೆ ಹೆಸರು ಬದಲಿಸಿಕೊಂಡು ಹೋದವರನ್ನು ಬರೀ ಹುಡುಗಾಟಿಕೆಯೆಂದು ಬಿಟ್ಟುಬಿಡುವುದು ಕಷ್ಟ.

ಒಲಿಂಪಿಕ್ಸ್ ಬಾಗಿಲು ಮುಚ್ಚಿತು. ಉಳಿದದ್ದು ಫ್ರಾನ್ಸಿನ ದಾರಿ. ಐರಿಷ್ ಸವಾರರಿಗೆ ಅದು ಹೊಸದೇನಲ್ಲ. ಡಬ್ಲಿನ್ನಿನ ಶೇ ಎಲಿಯಟ್ 1950ರ ದಶಕದಲ್ಲೇ ಪ್ಯಾರಿಸ್ಸಿಗೆ ಹೋಗಿ ನೆಲೆಯೂರಿ, 1963ರಲ್ಲಿ ಟೂರ್ ದ ಫ್ರಾನ್ಸ್‌ನ ಹಳದಿ ಅಂಗಿ ತೊಟ್ಟಿದ್ದ. ರೋಡ್ ರೇಸಿನ ಹಣ, ತಂಡಗಳು, ಪತ್ರಿಕೆಗಳು ಎಲ್ಲ ಇದ್ದದ್ದು ಫ್ರಾನ್ಸ್, ಬೆಲ್ಜಿಯಂ, ಇಟಲಿಗಳಲ್ಲಿ. ಅಲ್ಲಿನ ಮ್ಯಾನೇಜರುಗಳ ಕಣ್ಣಿಗೆ ಬೀಳಬೇಕಾದರೆ ಅಲ್ಲೇ ಹೋಗಿ ಇರಬೇಕಿತ್ತು.

ಲಂಡನ್ನಿನ ಸೈಕಲ್ ಪ್ರೇಮಿಯೊಬ್ಬರು ನೆರವಾಗಿ, ಮೆಟ್ಸ್ ನಗರದ ಹವ್ಯಾಸಿ ಕ್ಲಬ್ಬಿನಿಂದ ಕೆಲಿಗೆ ಆಹ್ವಾನ ತರಿಸಿದರು. ಲೊರೇನ್ ಪ್ರಾಂತದ ಈ ನಗರ 1871ರಿಂದ 1918ರವರೆಗೆ ಜರ್ಮನಿಯ ಕೈಯಲ್ಲಿತ್ತು. ಅದರ ಹೆಸರಲ್ಲೇ ಆ ಗಡಿ ಉಳಿದಿದೆ: ಜರ್ಮನ್ನರಿಗೆ ಅದು ಮೆಟ್ಸ್, ಫ್ರೆಂಚರ ಬಾಯಲ್ಲಿ ಮೆಸ್. ಬರೆದದ್ದನ್ನು ಬರೆದಂತೆ ಓದಿದವನು ಹೊರಗಿನವನೆಂದು ಮೊದಲ ಮಾತಿಗೇ ತಿಳಿಯುತ್ತದೆ. ಕೆಲಿಯಾದರೋ ಇಂಗ್ಲಿಷಿನಲ್ಲೇ ಮಾತು ಕಡಿಮೆ. ರೇಡಿಯೊ ಸಂದರ್ಶನದಲ್ಲೂ ಬರೀ ತಲೆಯಾಡಿಸಿ ಉತ್ತರ ಕೊಟ್ಟನೆಂಬ ತಮಾಷೆ ಅವನ ಬಗ್ಗೆ ಇವತ್ತಿಗೂ ಚಾಲ್ತಿಯಲ್ಲಿದೆ.

ಒಪ್ಪಂದ ಮಾತ್ರ ಯಾವ ಭಾಷೆಯಲ್ಲೂ ಅರ್ಥವಾಗುವಂತಿತ್ತು. ವಾರಕ್ಕೆ 25 ಪೌಂಡ್, ಇರಲು ಬಿಟ್ಟಿ ಜಾಗ, ಗೆದ್ದ ಪ್ರತಿ ರೇಸಿನ ಉದ್ದಕ್ಕೆ ತಕ್ಕಂತೆ ಕಿಲೋಮೀಟರಿಗೆ ನಾಲ್ಕು ಫ್ರಾಂಕ್. 150 ಕಿಲೋಮೀಟರಿನ ರೇಸ್ ಗೆದ್ದರೆ 600 ಫ್ರಾಂಕ್. ಎರಡನೆಯವನಾಗಿ ಬಂದರೆ ಈ ಲೆಕ್ಕದಲ್ಲಿ ಏನೂ ಇಲ್ಲ. ಹೀಗೆ ದುಡ್ಡೆಣಿಸುತ್ತಿದ್ದವರನ್ನು ಆಗ 'ಹವ್ಯಾಸಿ'ಗಳೆಂದೇ ಕರೆಯುತ್ತಿದ್ದರು. ಒಲಿಂಪಿಕ್ಸ್ ಇಂಥ ಹವ್ಯಾಸಿಗಳಿಗೇ ಮೀಸಲಾಗಿತ್ತು ಎಂಬುದು ಆ ಕಾಲದ ಇನ್ನೊಂದು ಸೋಗು.

ಹವ್ಯಾಸಿ ರೇಸಿನ ಬದುಕು ಹೊರಗಿನಿಂದ ಕಂಡಷ್ಟು ಬಣ್ಣದ್ದಲ್ಲ. ರೇಸುಗಳು ಹೆಚ್ಚಾಗಿ ವಾರಾಂತ್ಯಕ್ಕೆ, ರಜಾದಿನಗಳಿಗೆ. ನಡುವಿನ ದಿನಗಳಲ್ಲಿ ಒಬ್ಬನೇ ಗಂಟೆಗಟ್ಟಲೆ ತುಳಿಯುವುದು, ಪರಿಚಯವಿಲ್ಲದ ಊಟ, ಅರ್ಥವಾಗದ ಹರಟೆ. ರೇಸಿನೊಳಗೂ ಭಾಷೆ ಬೇಕು: ಯಾರು ಯಾರೊಡನೆ ಒಳಒಪ್ಪಂದ ಮಾಡಿಕೊಂಡಿದ್ದಾರೆ, ಮುಂದೆ ಹೋದವರನ್ನು ಹಿಡಿಯುವ ಹೊಣೆ ಯಾರದು ಎಂಬುದೆಲ್ಲ ಓಡುವ ಗುಂಪಿನಲ್ಲಿ ಅರ್ಧ ಮಾತಿನಲ್ಲಿ, ಕೈಸನ್ನೆಯಲ್ಲಿ ತೀರ್ಮಾನವಾಗುತ್ತದೆ. ಅದು ಗೊತ್ತಾಗದವನು ಇನ್ನೊಬ್ಬನ ಗೆಲುವಿಗೆ ಗಾಳಿ ಎದುರಿಸಿಕೊಟ್ಟು ಸುಸ್ತಾಗುತ್ತಾನೆ. ಹೀಗೆ ಹೋದ ಎಷ್ಟೋ ಹುಡುಗರು ಚಳಿ ಶುರುವಾಗುವ ಮೊದಲೇ ಊರಿಗೆ ಮರಳಿದ್ದಾರೆ. ಅವರ ಚರಿತ್ರೆ ಯಾರೂ ಬರೆದಿಲ್ಲ.

ಕೆಲಿ ಫ್ರಾನ್ಸಿನಲ್ಲಿ 25 ರೇಸುಗಳಲ್ಲಿ ಓಡಿಸಿ 18 ಗೆದ್ದ. ಋತುವಿನ ಕೊನೆಗೆ ಇಟಲಿಗೆ ಹೋಗಿ ಹವ್ಯಾಸಿಗಳ ಲೊಂಬಾರ್ದಿಯಾ ರೇಸನ್ನೂ ಗೆದ್ದ.

ಅದೇ ಬೇಸಿಗೆಯಲ್ಲಿ ಜಗತ್ತಿನಲ್ಲಿ ಬೇರೇನೋ ನಡೆದಿತ್ತು. ಜೂನ್ 16ರಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಶಾಲಾಮಕ್ಕಳ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಮಕ್ಕಳು ಬೀದಿಗಿಳಿದದ್ದು ಶಾಲೆಯಲ್ಲಿ ಆಫ್ರಿಕಾನ್ಸ್ ಭಾಷೆಯನ್ನು ಹೇರಿದ್ದರ ವಿರುದ್ಧ. ಜುಲೈನಲ್ಲಿ ಮಾಂಟ್ರಿಯಲ್ ಕೂಟ ಶುರುವಾದಾಗ 20ಕ್ಕೂ ಹೆಚ್ಚು ದೇಶಗಳು, ಬಹುಪಾಲು ಆಫ್ರಿಕಾದವು, ಹೊರಗುಳಿದವು. ನ್ಯೂಜಿಲೆಂಡಿನ ರಗ್ಬಿ ತಂಡ ದಕ್ಷಿಣ ಆಫ್ರಿಕಾದಲ್ಲಿ ಆಡಲು ಹೋಗಿದ್ದರೂ ಆ ದೇಶವನ್ನು ಕೂಟದಿಂದ ಕೈಬಿಡಲಿಲ್ಲವೆಂಬುದು ಅವರ ತಕರಾರು. ವರ್ಷಗಟ್ಟಲೆ ತಯಾರಿ ಮಾಡಿದ್ದ ಓಟಗಾರರು ಓಡದೆ ಮನೆಗೆ ಹಿಂದಿರುಗಿದರು. ಮಾಂಟ್ರಿಯಲ್ ತಪ್ಪಿದ್ದು ಕೆಲಿಗೂ, ಅವರಿಗೂ. ಅವನಿಗೆ ತಪ್ಪಿದ್ದು ಆ ದೇಶಕ್ಕೆ ಹೋದದ್ದಕ್ಕೆ, ಅವರಿಗೆ ತಪ್ಪಿದ್ದು ಅಲ್ಲಿಗೆ ಹೋಗುವುದನ್ನು ವಿರೋಧಿಸಿದ್ದಕ್ಕೆ. ಅವನಿಗೆ ಇನ್ನೊಂದು ದಾರಿ ತೆರೆಯಿತು. ಅವರಲ್ಲಿ ಅನೇಕರಿಗೆ ತೆರೆಯಲಿಲ್ಲ. ನಿಷೇಧವೇ ಕೆಲಿಗೆ ವರವಾಯಿತು ಎಂದು ಹೇಳುವವರು ಈ ಎರಡನೆಯ ಸಾಲನ್ನೂ ಜೊತೆಗಿಟ್ಟು ಹೇಳಬೇಕಾಗುತ್ತದೆ.

ಆದರೂ 25ಕ್ಕೆ 18 ಎಂಬುದು ಯಾರೂ ಕೊಟ್ಟ ವರವಲ್ಲ. ಟ್ರ್ಯಾಕ್ಟರಿನಿಂದ ಇಳಿದ ಹುಡುಗನನ್ನು ಕೂರಿಸಿಕೊಂಡು ದ ಗ್ರಿಬಾಲ್ದಿ ವರ್ಷಕ್ಕೆ 4,000 ಪೌಂಡ್ ಮತ್ತು ಮೇಲೆ ಬೋನಸ್ ಎಂದರು. ಹುಡುಗ ಕೂಡಲೇ ಹೂಂ ಅನ್ನಲಿಲ್ಲ. ಒಂದು ವಾರದ ನಂತರ 6,000 ಕೇಳಿದ. ಸಿಕ್ಕಿತು. ಮಾತು ಬಾರದವನೆಂದು ಹೆಸರಾದವನು ಮೆಟ್ಸ್‌ನ ಒಂದೇ ಋತುವಿನಲ್ಲಿ ತನ್ನ ಬೆಲೆಯನ್ನು ತಾನೇ ಲೆಕ್ಕ ಹಾಕಲು ಕಲಿತಿದ್ದ.

1977ರ ಜನವರಿಯಲ್ಲಿ ಅವನು ಬೆಜಾನ್ಸೋನ್‌ಗೆ ಹೊರಟ, ತಂಡದ ಇತರರೊಡನೆ ಒಂದೇ ಮನೆ ಹಂಚಿಕೊಂಡು ಇರಲು. ಫೆಬ್ರವರಿ 7ಕ್ಕೆ ವೃತ್ತಿಪರನಾಗಿ ಮೊದಲ ರೇಸ್ ಶುರು. ಮೊದಲ ದಿನ ಬಂದದ್ದು ಹತ್ತನೆಯ ಸ್ಥಾನ.