ಗಾಜಿನ ಮನೆಯಲ್ಲಿ ಬೆಂದ ಆರ್ಕಿಡ್‌ಗಳು

ಗೃಹಪ್ರವೇಶಕ್ಕೋ ಪ್ರಮೋಷನ್‌ಗೋ ಉಡುಗೊರೆಯಾಗಿ ಬಂದ ಆರ್ಕಿಡ್ ಸಾಮಾನ್ಯವಾಗಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ತುಳಸಿಗೆ ಹಾಕಿದ ಹಾಗೆ ದಿನಾ ಒಂದು ಚೊಂಬು ನೀರು ಬೀಳುತ್ತೆ, ಬೇರು ಕೊಳೆಯುತ್ತೆ, ಎಲೆ ಜೋತು ಬೀಳುತ್ತೆ. ಅದನ್ನು ನೋಡಿ, ಪಾಪ ಒಣಗಿದೆ ಅಂತ ಇನ್ನೊಂದು ಚೊಂಬು! ಆಮೇಲೆ ‘ನನ್ನ ಕೈಗೆ ಗಿಡ ಆಗಿಬರಲ್ಲ’ ಅಂತ ಬೇಜಾರು. ಬೇಜಾರಾಗಬೇಡಿ. ಇಂಥದೇ ತಪ್ಪನ್ನು ಇಂಗ್ಲೆಂಡಿನ ಘಟಾನುಘಟಿ ತೋಟಗಾರರು ದಶಕಗಟ್ಟಲೆ ಮಾಡಿದ್ದಾರೆ, ಅದೂ ಪೌಂಡುಗಳನ್ನು ಸುರಿದು.

1818ರಲ್ಲಿ ಲಂಡನ್ ಹತ್ತಿರದ ಬಾರ್ನೆಟ್‌ನಲ್ಲಿ ವಿಲಿಯಂ ಕ್ಯಾಟ್ಲಿ ಎಂಬ ವ್ಯಾಪಾರಿಯ ಗಾಜಿನ ಮನೆಯಲ್ಲಿ ಬ್ರೆಜಿಲ್‌ನಿಂದ ಬಂದ ಗಿಡವೊಂದು ಹೂ ಬಿಟ್ಟಿತು. ನೇರಳೆ ಬಣ್ಣದ, ಅಂಗೈಯಗಲದ ಹೂ. ಸಸ್ಯವಿಜ್ಞಾನಿ ಜಾನ್ ಲಿಂಡ್ಲೆ ಅದಕ್ಕೆ ಕ್ಯಾಟ್ಲಿಯಾ ಅಂತ ಹೆಸರಿಟ್ಟರು. ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹಿಡಿಯಿತು. ಆದರೆ ಸಾಕೋದು ಹೇಗೆ? 1830ರಲ್ಲಿ ಲಿಂಡ್ಲೆ ಕೊಟ್ಟ ಸಲಹೆ: ವಿಪರೀತ ಶಾಖ, ದಟ್ಟ ನೆರಳು, ಯಾವಾಗಲೂ ತೇವ. ಬಿಸಿಲ ದೇಶದ ಗಿಡ ತಾನೇ, ಬಿಸಿ ಬೇಕು ಅನ್ನೋ ಲೆಕ್ಕ. ಯೂಸರ್ ಎಲ್ಲಿ ಕೂತು ಕೆಲಸ ಮಾಡ್ತಾನೆ ಅಂತ ಒಮ್ಮೆಯೂ ನೋಡದೆ ರಿಕ್ವೈರ್‌ಮೆಂಟ್ ಬರೆದ ಹಾಗೆ. ಕಿಟಕಿ ಬಾಗಿಲು ಮುಚ್ಚಿ, ಕಲ್ಲಿದ್ದಲು ಉರಿಸಿ, ಹಬೆ ತುಂಬಿಸಿದರು. ಆ ಮನೆಗಳಿಗೆ ‘ಸ್ಟೋವ್’ ಅಂತಲೇ ಹೆಸರಿತ್ತು! ಗಿಡಗಳು ಇಡ್ಲಿಯ ಹಾಗೆ ಬೆಂದವು. ಉಷ್ಣವಲಯದ ಆರ್ಕಿಡ್‌ಗಳಿಗೆ ಇಂಗ್ಲೆಂಡ್ ಅರ್ಧ ಶತಮಾನ ಸ್ಮಶಾನವಾಗಿತ್ತು ಎಂಬರ್ಥದ ಮಾತನ್ನು ಮುಂದೆ ಕ್ಯೂ ಉದ್ಯಾನದ ನಿರ್ದೇಶಕರಾದ ಜೋಸೆಫ್ ಹೂಕರ್ ಅವರೇ ಹೇಳಿದ್ದರು.

ಸತ್ತಷ್ಟೂ ಹೊಸದು ಬೇಕಲ್ಲ, ಅದರ ಬಿಲ್ ಹೋಗಿದ್ದು ಕಾಡಿಗೆ. ಇದೇ ಹೂಕರ್ 1850ರಲ್ಲಿ ನಮ್ಮ ಖಾಸಿ ಬೆಟ್ಟಗಳಲ್ಲಿ ನೀಲಿ ವಾಂಡಾ ಕಂಡು, ಏಳು ಆಳುಗಳ ಹೊರೆಯಷ್ಟು ಕೀಳಿಸಿ ಕ್ಯೂಗೆ ಕಳಿಸಿದರು. ಜೀವಂತ ತಲುಪಿದ್ದು ಕೆಲವೇ ಕೆಲವು. ಇನ್ನೊಬ್ಬರು ಕಳಿಸಿದ ಒಂದು ಹೊರೆ 300 ಪೌಂಡಿಗೆ ಮಾರಾಟವಾಯಿತಂತೆ. ಸುದ್ದಿ ಹಬ್ಬಿದ ಮೇಲೆ ಆ ಬೆಟ್ಟಗಳ ಗತಿ ಏನಾಗಿರಬೇಡ? ಆ ವಾಂಡಾ ಈಗ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಕೊಲಂಬಿಯಾದ ಕಥೆ ಇನ್ನೂ ಘೋರ. ಆಲ್ಬರ್ಟ್ ಮಿಲ್ಲಿಕನ್ ಎಂಬ ಆರ್ಕಿಡ್ ಬೇಟೆಗಾರ 1891ರ ತನ್ನ ಪುಸ್ತಕದಲ್ಲಿ, ಹತ್ತು ಸಾವಿರ ಗಿಡಗಳಿಗಾಗಿ ಸುಮಾರು ನಾಲ್ಕು ಸಾವಿರ ಮರ ಕಡಿಸಿದ್ದನ್ನು ದಿನಸಿ ಲೆಕ್ಕ ಒಪ್ಪಿಸಿದ ಹಾಗೆ ಬರೆದಿದ್ದಾನೆ.

ತಪ್ಪು ಎಲ್ಲಿದೆ ಅಂತ ಬೇಗ ಹಿಡಿದವರಲ್ಲಿ ಒಬ್ಬ ಜೋಸೆಫ್ ಪ್ಯಾಕ್ಸ್‌ಟನ್. ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕನ ತೋಟಗಾರ, ಮುಂದೆ 1851ರ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದವನು. ಅವನು ಮಾಡಿದ್ದು ಸರಳ ಕೆಲಸ: ಶಾಖ ಇಳಿಸಿದ, ಗಾಳಿ ಆಡಲು ಬಿಟ್ಟ, ನೆಲಕ್ಕೆ ನೀರು ಚಿಮುಕಿಸಿ ತಂಪು ಮಾಡಿದ, ಬೇರೆ ಬೇರೆ ಹವೆಯ ಗಿಡಗಳಿಗೆ ಬೇರೆ ಬೇರೆ ಮನೆ ಮಾಡಿದ. ಯಾಕೆಂದರೆ ‘ಬಿಸಿಲ ದೇಶ’ ಅನ್ನೋದು ಒಂದೇ ಹವೆಯಲ್ಲ. ಆಂಡಿಸ್ ಪರ್ವತದ ಆರ್ಕಿಡ್ ಮಂಜಿನಲ್ಲಿ ನಡುಗುತ್ತಾ ಬೆಳೆಯುತ್ತೆ.

ಮಲೆನಾಡಿನವರಿಗೆ ಇದನ್ನು ವಿವರಿಸೋದೇ ಬೇಡ. ಮುಂಗಾರು ಹತ್ತಿರ ಬಂದಾಗ ಹಲಸು, ಮಾವಿನ ಕೊಂಬೆಯಿಂದ ಇಳಿಬೀಳುವ ಸೀತಾಳೆ ದಂಡೆಯನ್ನು ನೋಡಿದವರೇ ಎಲ್ಲ. ಅದೂ ಆರ್ಕಿಡ್ಡೇ. ಬಂದಳಿಕೆಯ ಹಾಗೆ ಮರದ ರಸ ಹೀರಲ್ಲ, ಸುಮ್ಮನೆ ಕೂರಲು ಜಾಗ ಕೇಳುತ್ತೆ ಅಷ್ಟೇ. ದಪ್ಪ ಬೇರುಗಳು ಗಾಳಿಗೇ ತೆರೆದಿರುತ್ತವೆ. ಮೇಲಿನ ಸ್ಪಂಜಿನಂಥ ಪದರ ಮಳೆ ಬಂದಾಗ ನೀರು ಹೀರಿ, ಮತ್ತೆ ಒಣಗುತ್ತೆ. ಈ ಒಣಗುವ ಪುರುಸೊತ್ತನ್ನೇ ಇಂಗ್ಲಿಷರ ಸ್ಟೋವ್ ಕೊಡಲಿಲ್ಲ, ನಮ್ಮ ಚೊಂಬೂ ಕೊಡಲ್ಲ.

ಇವತ್ತು ನಿಮ್ಮ ಮೇಜಿನ ಮೇಲಿರುವುದು ಬಹುಶಃ ಫಲೆನಾಪ್ಸಿಸ್. ಅದಕ್ಕಾಗಿ ಯಾರೂ ಮರ ಕಡಿದಿಲ್ಲ. ಆರ್ಕಿಡ್ ಬೀಜದಲ್ಲಿ ಆಹಾರದ ಗಂಟೇ ಇರಲ್ಲ, ಕಾಡಲ್ಲಿ ಮೊಳೆಯಲು ಶಿಲೀಂಧ್ರದ ನೆರವು ಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೇ ಮೊಳಕೆ ಬರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ಅಂಗಾಂಶದಿಂದ ಸಿಂಬಿಡಿಯಂ ಆರ್ಕಿಡ್‌ನ ಪ್ರತಿಗಳನ್ನು ಬೆಳೆಸಿ ತೋರಿಸಿದರು. ಡ್ಯೂಕರ ಸೊತ್ತು ಸೂಪರ್ ಮಾರ್ಕೆಟ್‌ಗೆ ಇಳಿದಿದ್ದು ಹೀಗೆ ಲ್ಯಾಬಿನ ಬಾಟಲಿಗಳಿಂದ.

ಸಾಕುವ ಕ್ರಮ ಪ್ಯಾಕ್ಸ್‌ಟನ್‌ನದೇ. ಮಣ್ಣು ಬೇಡ, ಮರದ ತೊಗಟೆ ಚೂರು, ಇದ್ದಿಲು ಸಾಕು. ಕುಂಡಕ್ಕೆ ತೂತು ಇರಲೇಬೇಕು. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ ಅಂತ ಅರ್ಥ, ಹಸಿರಾಗಿದ್ದರೆ ಸುಮ್ಮನಿರಿ. ಬೆಳಿಗ್ಗೆ ಹೊತ್ತು ನೀರು ಕೊಟ್ಟು ಪೂರ್ತಿ ಬಸಿಯಲು ಬಿಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಒರೆಸಿಬಿಡಿ. ಪೂರ್ವದ ಕಿಟಕಿ ಸಿಕ್ಕರೆ ಪುಣ್ಯ. ಹೂ ಉದುರಿತು ಅಂತ ಎಸೆಯಬೇಡಿ. ಕೆಲವು ವಾರ ರಾತ್ರಿ ತಂಪಾದರೆ ಈ ಗಿಡ ಹೊಸ ಹೂದಂಟು ಬಿಡುತ್ತೆ. ಬೆಂಗಳೂರಿನಲ್ಲಿದ್ದರೆ ನವೆಂಬರ್ ಹೊತ್ತಿಗೆ ಎಸಿ ರೂಮಿನಿಂದ ಎತ್ತಿ, ಗಾಳಿ ಆಡುವ ಕಿಟಕಿ ಪಕ್ಕ ಇಟ್ಟು ನೋಡಿ. ದಂಟು ಬಂದಮೇಲೂ ಮೊಗ್ಗು ಅರಳಲು ಎರಡು ಮೂರು ತಿಂಗಳು ಹಿಡಿಯುತ್ತೆ.